ಬೋಳು ದಂಡೆಯ ಏಳು ಮಳೆಗಾಲ

ಬಲೆ ನೀರಿನಲ್ಲಿ ಇರುವಷ್ಟು ಹೊತ್ತು ಸುಬ್ಬಿ ಬಾಯಿ ಬಿಡುವುದಿಲ್ಲ. ಏಳು ವರ್ಷದ ಹಿಂದೆ ವೀಣಾ ಮೊದಲ ಸಲ ಈ ಹಳ್ಳಕ್ಕಿಳಿದು, ಬಿಳಿ ತಟ್ಟೆಯಲ್ಲಿ ಓಡಾಡುತ್ತಿದ್ದ ಹುಳಗಳನ್ನು ಎಣಿಸುತ್ತಿದ್ದಾಗ ಮುದುಕಿ ಏನೋ ಕೇಳಿದ್ದಳು. ಲೆಕ್ಕ ತಪ್ಪಿತು. "ಅಜ್ಜಿ, ನಾನು ಎಣಿಸುವಾಗ ಮಾತಾಡಬೇಡಿ" ಎಂದಿದ್ದಳು ವೀಣಾ, ತಲೆ ಎತ್ತದೆ. ಅಷ್ಟೇ ಸಾಕಾಯಿತು. ಅಂದಿನಿಂದ ವೀಣಾ ಬಲೆಯನ್ನು ಕೈಗೆತ್ತಿಕೊಂಡರೆ ಸುಬ್ಬಿ ದಂಡೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ಕೊರಳ ತುಂಬ ಇರುವ ಮಣಿಸರಗಳನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ, ಅವೂ ಸದ್ದು ಮಾಡಬಾರದೆಂದು. ದನ ಹಗ್ಗ ಬಿಚ್ಚಿಕೊಂಡು ಶೇಂಗಾ ಗದ್ದೆಗೆ ನುಗ್ಗಿದರೂ ಕೈಬೀಸಿ ಓಡಿಸುತ್ತಾಳೆಯೇ ಹೊರತು ಕೂಗುವುದಿಲ್ಲ.

ವೀಣಾಳಿಗೆ ಆ ಮೌನವೆಂದರೆ ಇಷ್ಟ. ಧಾರೇಶ್ವರದಿಂದ ಬೆಳಿಗ್ಗೆ ಬಸ್ಸು ಹಿಡಿದು, ಹೊನ್ನಾವರದಲ್ಲಿ ಇಳಿದು, ಮಂಕಿಯ ಟೆಂಪೊ ಹತ್ತಿ, ಅಲ್ಲಿಂದ ಬಲೆ, ತಟ್ಟೆ, ಗಾಜಿನ ಕೊಳವೆಗಳ ಚೀಲ ಹೊತ್ತು ಎರಡು ಮೈಲಿ ನಡೆದು ಬರುವ ದಾರಿಯುದ್ದಕ್ಕೂ ಅವಳು ಆ ಒಂದು ಗಂಟೆಯನ್ನೇ ನೆನೆಯುತ್ತಾಳೆ. ಮನೆಯಲ್ಲಿ ಅವಳ ಮದುವೆಯ ಮಾತು ನಿಂತು ಬಹಳ ಕಾಲವಾಗಿದೆ, ಆದರೆ ಆ ಮಾತು ನಿಂತಿದೆ ಎನ್ನುವುದೇ ಒಂದು ಗದ್ದಲದ ಹಾಗೆ ಮನೆಯೊಳಗೆ ಓಡಾಡಿಕೊಂಡಿದೆ. ಇಲ್ಲಿ ಹಾಗಿಲ್ಲ. ಮೊಣಕಾಲವರೆಗೆ ನೀರು, ಕಾಲಡಿ ಉರುಳುವ ಕಲ್ಲು, ದಂಡೆಯ ಮೇಲೆ ತುಟಿ ಬಿಗಿದು ಕೂತ ಒಂದು ಜೀವ. ಇಬ್ಬರ ನಡುವೆ ಹಳ್ಳವೊಂದೇ ಮಾತಾಡುತ್ತಿರುತ್ತದೆ.

ಇವತ್ತು ಮಾತ್ರ ಆ ಮೌನ ಅವಳಿಗೆ ಬೇಡವಾಗಿತ್ತು. ಚೀಲದಲ್ಲಿ ಒಂದು ಕಾಗದವಿತ್ತು. ಅದಕ್ಕೆ ಸುಬ್ಬಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಬೇಕಾಗಿತ್ತು.

ಬೇಣದ ಹಳ್ಳ ದೊಡ್ಡದೇನಲ್ಲ. ಮೇಲಿನ ಗುಡ್ಡದ ಕಾಡಿನಲ್ಲಿ ಹುಟ್ಟಿ, ಗೌಡರ ಕೊಪ್ಪದ ಗದ್ದೆಗಳ ನಡುವೆ ಹಾದು, ನಾಲ್ಕು ಮೈಲಿ ಹರಿದು ಸಮುದ್ರ ಸೇರುತ್ತದೆ. ಒಂದು ಕಾಲದಲ್ಲಿ ಎರಡೂ ದಂಡೆಯಲ್ಲಿ ಹೊಳೆಮತ್ತಿ, ನೇರಳೆ, ಮುಂಡಿಗೆಯ ಪೊದೆ ದಟ್ಟವಾಗಿತ್ತಂತೆ. ಮರಳು ತೆಗೆದವರು ಒಂದಷ್ಟನ್ನು ಕಡಿದರು, ನೆರೆ ಒಂದಷ್ಟನ್ನು ಕಿತ್ತುಕೊಂಡು ಹೋಯಿತು, ಗದ್ದೆಯನ್ನು ಒಂದು ಮಾರು ಹಿಗ್ಗಿಸಲು ಹೋದವರು ಉಳಿದದ್ದನ್ನು ಸವರಿದರು. ಆಮೇಲೆ ಪ್ರತಿ ಮಳೆಗಾಲವೂ ದಂಡೆ ಕುಸಿಯತೊಡಗಿತು. ಏಳು ವರ್ಷದ ಹಿಂದೆ ಕುಮಟೆಯ ಒಂದು ಸಣ್ಣ ಸಂಸ್ಥೆ ಬಂದು, ಕೊಪ್ಪದವರನ್ನು ಕೂಡಿಸಿಕೊಂಡು, ಸುಬ್ಬಿಯ ನೆರೆಯವಳಾದ ಮಾದಿಯ ಮನೆಯಿಂದ ಕೆಳಕ್ಕೆ ಅರ್ಧ ಮೈಲಿ ದಂಡೆಗೆ ಗಿಡ ನೆಟ್ಟಿತು. ಆಗಷ್ಟೇ ಎಂ.ಎಸ್ಸಿ. ಮುಗಿಸಿದ್ದ ವೀಣಾಳಿಗೆ ಅದು ಮೊದಲ ಕೆಲಸ. ಗಿಡ ಬೆಳೆದ ಮೇಲೆ ನೀರು ಎಷ್ಟು ತಣ್ಣಗಾಯಿತು, ಎಷ್ಟು ತಿಳಿಯಾಯಿತು, ಯಾವ ಹುಳ, ಯಾವ ಮೀನು ತಿರುಗಿ ಬಂದವು ಎಂದು ನೋಡುತ್ತಿರಬೇಕು.

ನೋಡುವುದೆಂದರೆ ಹೋಲಿಸಿ ನೋಡಬೇಕು. ಏನೂ ಮಾಡದೆ ಬಿಟ್ಟ ಒಂದು ಜಾಗ ಇಲ್ಲದಿದ್ದರೆ, ಆದ ಬದಲಾವಣೆ ಗಿಡದಿಂದಲೇ ಆದದ್ದು ಎಂದು ಹೇಳುವುದು ಹೇಗೆ? ಹಾಗಾಗಿ ನೆಟ್ಟ ಜಾಗಕ್ಕಿಂತ ಸ್ವಲ್ಪ ಮೇಲೆ, ಸುಬ್ಬಿಯ ಹಿತ್ತಿಲಿಗೆ ತಾಗಿದ ನೂರು ಮೀಟರ್ ದಂಡೆಯನ್ನು ಹಾಗೇ ಬಿಟ್ಟರು. ಸುಬ್ಬಿಯ ಗಂಡ ಜಟ್ಟ ಗೌಡ ಹಳ್ಳಕ್ಕೆ ಬಗ್ಗಿ, ನೀರು ಮುಟ್ಟಿ, "ಆತು" ಎಂದು ಮಾತು ಕೊಟ್ಟಿದ್ದ. ಮೂರನೇ ಮಳೆಗಾಲದಲ್ಲಿ ಅವನು ತೀರಿಕೊಂಡ. ಮಾತು ಸುಬ್ಬಿಯ ಬಳಿ ಉಳಿಯಿತು.

ಕೆಳಗೆ ಮಾದಿಯ ದಂಡೆ ವರ್ಷವರ್ಷವೂ ಹಸಿರಾಗಿ, ಆಳೆತ್ತರವಾಗಿ, ಮನೆಯ ಮಾಡಿನೆತ್ತರವಾಗಿ ಬೆಳೆಯುವುದನ್ನು ಸುಬ್ಬಿ ತನ್ನ ಬೋಳು ದಂಡೆಯ ಮೇಲೆ ನಿಂತು ನೋಡಿದಳು. ಅವಳ ಹಿತ್ತಿಲು ಮಳೆಗಾಲಕ್ಕೆ ಒಂದೊಂದು ಮೊಳ ಹಳ್ಳಕ್ಕೆ ಹೋಗುತ್ತಿತ್ತು. ದಂಡೆಯ ಮೇಲಿದ್ದ ಬಟ್ಟೆ ಒಗೆಯುವ ಕಲ್ಲು ಈಗ ನೀರಿನ ನಡುವೆ ನಿಂತಿತ್ತು. ಬಿಸಿಲು ಏರುವುದರೊಳಗೆ ಬಂದು ಒಗೆದು ಎದ್ದು ಹೋಗಬೇಕು, ಆಮೇಲೆ ಕಲ್ಲು ಕಾದ ಬಾಣಲೆ.

"ಮದುವೆಯಾಗಿ ಬಂದಾಗ ಇಲ್ಲೊಂದು ಹೊಳೆಮತ್ತಿ ಇತ್ತು" ಎಂದು ಸುಬ್ಬಿ ಒಂದು ಸಲ ಹೇಳಿದ್ದಳು. "ಊಟ ಆದ್ಮೇಲೆ ಹೆಂಗಸ್ರೆಲ್ಲ ಇಲ್ಲೇ ಕೂತ್ಕಳ್ತಿದ್ವು. ಎಂತ ಕೆಲಸವೂ ಇಲ್ಲ, ಸುಮ್ನೆ. ಕಾಲು ನೀರಲ್ಲಿ ಬಿಟ್ಕಂಡು. ಈಗ ಮಧ್ಯಾಹ್ನ ಹಳ್ಳದ ಬುಡಕ್ಕೆ ಯಾರೂ ಬರೂದಿಲ್ಲ."

ಅವಳಿಗೆ ಬೇಕಾದದ್ದು ಅಷ್ಟೇ, ಮಧ್ಯಾಹ್ನ ಹಳ್ಳದ ಬದಿಯಲ್ಲಿ ಕೂರುವಷ್ಟು ನೆಳಲು. ವೀಣಾ ಬಂದಾಗಲೆಲ್ಲ ಕೇಳುತ್ತಿದ್ದಳು, "ನಮ್ಮ ದಂಡೆಗೆ ಯಾವಾಗ ಅಕ್ಕೋರೆ?" ಹಾಗೆ ಕರೆಯುವುದು ಶಾಲೆ ಕಲಿಸುವವರನ್ನು. ನಾನು ಅಕ್ಕೋರಲ್ಲ ಎಂದು ವೀಣಾ ಮೊದಮೊದಲು ಹೇಳಿದ್ದಳು, ಆಮೇಲೆ ಬಿಟ್ಟಳು. ಕಳೆದ ಏಪ್ರಿಲ್‌ನಲ್ಲಿ ಅವಳು ಖಚಿತವಾಗಿ ಹೇಳಿಯೂ ಬಿಟ್ಟಿದ್ದಳು. ಡಿಸೆಂಬರ್‌ನಲ್ಲಿ ಬಂದು ಕೊನೇ ಸಲ ಎಣಿಸುತ್ತೇನೆ, ಜೂನ್‌ನಲ್ಲಿ ಮೊದಲ ಮಳೆ ಬೀಳುತ್ತಿದ್ದಂತೆ ನಿಮ್ಮ ದಂಡೆಗೆ ಗಿಡ.

ನಿನ್ನೆ ಕುಮಟೆಯ ಆಫೀಸಿನಲ್ಲಿ ರಮಾನಂದ ಸರ್ ಅವಳನ್ನು ಕರೆದು ಕಂಪ್ಯೂಟರಿನ ಪರದೆ ತೋರಿಸಿದ್ದರು. ಎರಡು ಗೆರೆಗಳು. ಒಂದು ಏರುತ್ತ ಹೋಗಿತ್ತು, ಮಾದಿಯ ದಂಡೆ. ಇನ್ನೊಂದು ಸತ್ತವರ ಎದೆಬಡಿತದ ಹಾಗೆ ನೆಲಕ್ಕಂಟಿ ಮಲಗಿತ್ತು.

"ಇಷ್ಟು ಚೊಕ್ಕ ಹೋಲಿಕೆ ಎಲ್ಲಿ ಸಿಗ್ತದೆ ಹೇಳು. ಏಳು ಮಳೆಗಾಲ ಬಿಟ್ಟರೂ ತಾನಾಗಿ ಒಂದು ಕಡ್ಡಿ ಹುಟ್ಟಲಿಲ್ಲ. ನೆಡದೆ ಹೊಳೆ ಸುಧಾರಿಸೂದಿಲ್ಲ ಅಂತ ಈಗ ಎದೆ ತಟ್ಟಿ ಹೇಳ್ಬಹುದು. ಬೇರೆ ಹೊಳೆಗಳಿಗೂ ಇದೇ ಆಧಾರ ಆಗ್ತದೆ." ಅವರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ಇನ್ನು ಮೂರು ವರ್ಷ ಮುಂದುವರಿಸುವಾ. ವರದಿಯಲ್ಲಿ ನಿನ್ನ ಹೆಸರು ಮೊದಲು ಇರ್ತದೆ. ಆ ಅಜ್ಜಿಯ ಒಪ್ಪಿಗೆ ಒಂದು ತಗೊಂಡು ಬಾ."

"ಜೂನಿಗೆ ನೆಡ್ತೇವೆ ಅಂತ ಹೇಳಿ ಆಗಿದೆ ಸರ್."

"ಮೂರೇ ವರ್ಷ ಅಲ್ವಾ. ಏಳು ಕಾದವಳಿಗೆ ಮೂರು ಯಾವ ಲೆಕ್ಕ?"

ಅವರು ಕೆಟ್ಟವರಲ್ಲ. ಆದರೆ ಎಪ್ಪತ್ತು ದಾಟಿದವಳಿಗೆ ಮೂರು ವರ್ಷ ಎಂದರೆ ಎಷ್ಟು, ನೆಟ್ಟ ಮೇಲೂ ನೆಳಲು ಬೀಳಲು ಇನ್ನೆಷ್ಟು ಎನ್ನುವ ಲೆಕ್ಕ ಆ ಪರದೆಯ ಮೇಲೆ ಇರಲಿಲ್ಲ. ವೀಣಾ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ತನ್ನ ಹೆಸರು ಮೊದಲು ಬರುತ್ತದೆ ಎಂಬ ಮಾತು ಕೇಳಿ ಒಳಗೆಲ್ಲೋ ಬೆಚ್ಚಗಾದದ್ದನ್ನು ಅವಳು ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದಳು.

ಈಗ ಅವಳು ಬಲೆ ಎತ್ತಿ ತಟ್ಟೆಗೆ ಕೊಡವಿದಳು. ಕೆಸರು ತಳಕ್ಕಿಳಿಯುವವರೆಗೆ ಕಾದಳು. ಕೆಂಪು ಎಳೆಹುಳಗಳು ನುಲಿಯತೊಡಗಿದವು, ಮೂವತ್ತು, ನಲವತ್ತು. ಕೊಳೆತ ಕೆಸರಿದ್ದಲ್ಲೆಲ್ಲ ಬದುಕುವ ಜಾತಿ. ಮರಳ ಕಣಗಳನ್ನು ಅಂಟಿಸಿ ಮೈಸುತ್ತ ಕೊಳವೆಯಂಥ ಮನೆ ಕಟ್ಟಿಕೊಳ್ಳುವ ಹುಳ, ಮೂರು ಬಾಲದ ಹುಳ, ತಿಳಿನೀರಿದ್ದರೆ ಮಾತ್ರ ಇರುವಂಥವು, ಒಂದೂ ಇರಲಿಲ್ಲ. ಮಾದಿಯ ದಂಡೆಯಲ್ಲಿ ಬೆಳಿಗ್ಗೆ ಅವು ತಟ್ಟೆ ತುಂಬ ಇದ್ದವು.

ಬಲೆ ದಂಡೆ ಸೇರಿತೋ ಇಲ್ಲವೋ ಸುಬ್ಬಿ ಮಣಿಸರ ಬಿಟ್ಟಳು. "ಮನೆ ಹೊತ್ಕಂಡು ತಿರುಗೂ ಹುಳ ಬಂತಾ?"

"ಇಲ್ಲ ಅಜ್ಜಿ."

"ನಮ್ಮನೆ ಕಡೆ ಅದಕ್ಕೆ ಬಾಡಿಗೆ ದುಬಾರಿ ಆತು ಕಾಣ್ತದೆ." ಅವಳು ನಕ್ಕಳು. ನಗು ಹಾಗೇ ಮುಖದ ಮೇಲಿರುವಾಗಲೇ ಕೇಳಿದಳು, "ಇದು ಕಡೀದಲ್ದಾ? ಜೂನಿಗೆ ನೆಡೂದೇ ಅಲ್ದಾ?"

ವೀಣಾ ಥರ್ಮಾಮೀಟರನ್ನು ಬಟ್ಟೆಯಿಂದ ಒರೆಸಿದಳು. ಅದು ಒರೆಸಬೇಕಾದಷ್ಟು ಒದ್ದೆಯಾಗಿರಲಿಲ್ಲ. "ಕೂತ್ಕೊಳ್ಳಿ, ಹೇಳ್ತೆ" ಎಂದಳು.

ಹೇಳುವ ಮೊದಲೇ ಕೆಳಗಿನಿಂದ ಮಾದಿ ಬಂದಳು. ತಲೆಯ ಮೇಲೆ ಹೊಸದಾಗಿ ಕೊಯ್ದ ಮುಂಡಿಗೆ ಎಲೆಗಳ ಹೊರೆ. ಚಾಪೆ ನೇಯಲು ಈಗ ಅವಳು ಎಲ್ಲಿಗೂ ಹೋಗಬೇಕಾಗಿಲ್ಲ, ಮನೆಯ ಬುಡದಲ್ಲೇ ಬೆಳೆದಿದೆ. ಅವಳು ಹೊರೆ ಇಳಿಸಿ ಸುಬ್ಬಿಯ ಪಕ್ಕ ಧೊಪ್ಪೆಂದು ಕೂತಳು.

"ಎಂತ ಸುಬ್ಬಕ್ಕ, ನಿನ್ನ ಹುಳ ಸತ್ವಾ, ಅವೆಯಾ?"

"ನಿನ್ನ ನಾಲಗೆ ಇರೂ ತನಕ ಹುಳಕ್ಕೆಂತ ಬರಗಾಲ."

"ಬಯ್ಯೂದು ಬ್ಯಾಡ. ಇವ್ಳ ಹಿತ್ತಲ ಮಣ್ಣೆಲ್ಲ ತೇಲ್ಕಂಡು ಬಂದು ನಮ್ಮನೆ ಗಿಡದ ಬುಡಕ್ಕೆ ಕೂತ್ಕಂಡದೆ ಅಕ್ಕೋರೆ. ನಂಗೆ ಗೊಬ್ಬರದ ಕೆಲಸವೇ ಇಲ್ಲ. ಪುಣ್ಯಾತ್ಗಿತ್ತಿ, ತನ್ನ ಗದ್ದೆ ಕರಗ್ಸಿ ನಂಗೆ ಹಾಕ್ತಾಳೆ." ಮಾದಿ ಸುಬ್ಬಿಯ ತೊಡೆ ತಟ್ಟಿದಳು. "ಆದ್ರೂ ಇವ್ಳ ದಂಡೆ ಚೊಕ್ಕ ನೋಡಿ. ಅಂಗಳ ಗುಡ್ಸಿದ ಹಾಂಗೆ. ದೀವಳಿಗೆ ಆತು ಅಂದ್ರೆ ಕತ್ತಿ ಹಿಡ್ಕಂಡು ಇಳೂದೇ. ಎಂತದೇ ಅಂದ್ರೆ, ಅಕ್ಕೋರು ಬತ್ರು ಅಂತಾಳೆ. ಮಗಳಿಗೆ ಗಂಡಿನ ಕಡೆಯವ್ರು ಬರೂಕೆ ಆದಾಗಲೂ ಇಷ್ಟು ಗುಡ್ಸಲಿಲ್ಲ ಇವ್ಳು."

ವೀಣಾ ನಗಲು ಹೋದಳು. ತುಟಿ ಅರ್ಧಕ್ಕೆ ನಿಂತಿತು.

"ಕತ್ತಿ ಎಂತಕ್ಕೆ ಅಜ್ಜಿ?"

"ಗಿಡ ಕೀಳೂಕೆ." ಸುಬ್ಬಿ ಇದರಲ್ಲಿ ಕೇಳುವಂಥದ್ದೇನಿದೆ ಎಂಬ ಹಾಗೆ ನೋಡಿದಳು. "ಸಣ್ಣದಾದ್ರೆ ಕೈಗೆ ಬತ್ತದೆ. ಲಕ್ಕಿ ಗಿಡ ಮಾತ್ರ ಬೇರು ಬಿಟ್ರೆ ಬಿಡೂದಿಲ್ಲ, ಕತ್ತಿ ಬೇಕು."

"ಯಾವ ಗಿಡ?"

"ಮಳೇಲಿ ಹುಟ್ಟಿದ್ದು. ಮೇಲಿನ ಕಾಡಿಂದ ಬೀಜ ಬತ್ತದಲ, ನೀರಲ್ಲಿ. ಈ ಸಲ ರಾಶಿ ಬಂದಿತ್ತು. ನೀವು ಬರೂದ್ರೊಳಗೆ ಮುಗೀತದಾ ಇಲ್ಲವಾ ಅಂತ ಹೆದ್ರಿಕೆ ಆಗಿತ್ತು. ನಾಲ್ಕು ದಿನ ಬೇಕಾತು."

ಮಾದಿಗೆ ಈ ಮಾತಿನಲ್ಲಿ ಹೊಸತೇನೂ ಕಾಣಲಿಲ್ಲ. ಎಲೆ ಬಾಡುವುದರೊಳಗೆ ಮುಳ್ಳು ಸೀಳಬೇಕೆಂದು ಅವಳು ಹೊರೆ ಎತ್ತಿಕೊಂಡು ಹೋದಳು.

ವೀಣಾ ನಿಂತಲ್ಲೇ ದಂಡೆಯನ್ನು ನೋಡಿದಳು. ಏಳು ವರ್ಷದಿಂದ ಅವಳು ಒಂದೇ ಜಾಗದಲ್ಲಿ ನಿಂತು ಇದರ ಫೋಟೊ ತೆಗೆದಿದ್ದಳು. ಮಳೆಗಾಲದಲ್ಲಿ ಹಳ್ಳ ಉಕ್ಕುವುದರಿಂದ ಆಗ ಬರುವುದಿಲ್ಲ. ಬರುವುದು ಡಿಸೆಂಬರ್, ಫೆಬ್ರವರಿ, ಏಪ್ರಿಲ್. ಬಂದಾಗಲೆಲ್ಲ ದಂಡೆ ಕೆಂಪಗೆ ಬೋಳಾಗಿರುತ್ತಿತ್ತು. ಬೋಳಾಗಿದೆ ಎಂದು ಬರೆದುಕೊಂಡಿದ್ದಳು. ಮಣ್ಣಿನಲ್ಲಿ ಅಲ್ಲಲ್ಲಿ ಸಡಿಲಾದ ಸಣ್ಣ ಸಣ್ಣ ಗುಳಿಗಳಿದ್ದದ್ದೂ ಕಂಡಿತ್ತು. ಏಡಿಯ ಬಿಲ ಎಂದುಕೊಂಡಿದ್ದಳು. ಈಗ ಬಗ್ಗಿ ಒಂದಕ್ಕೆ ಬೆರಳು ಹಾಕಿದಳು. ಬಿಲ ಆಳಕ್ಕೆ ಹೋಗಲಿಲ್ಲ. ತಳದಲ್ಲಿ ಕಿತ್ತ ಬೇರಿನ ಎಳೆ ಬೆರಳಿಗೆ ಸಿಕ್ಕಿತು.

ಜಟ್ಟ ಗೌಡ ತೀರಿಹೋದ ವರ್ಷ ನೆನಪಾಯಿತು. ಆ ಡಿಸೆಂಬರ್‌ನಲ್ಲಿ ವೀಣಾಳ ತಂದೆಗೆ ಆಪರೇಷನ್ ಆಗಿತ್ತು, ಅವಳ ಬದಲು ಆಫೀಸಿಗೆ ಹೊಸದಾಗಿ ಸೇರಿದ್ದ ಮೋಹನ ಬಂದಿದ್ದ. ಬೋಳು ದಂಡೆಯಲ್ಲಿ ಮೊಣಕಾಲೆತ್ತರ ಪೊದೆ ಇದೆ, ನೀರು ತಿಳಿಯಾಗಿದೆ, ಮನೆಕಟ್ಟುವ ಹುಳ ಹನ್ನೊಂದು ಸಿಕ್ಕಿತು ಎಂದು ಬರೆದು ತಂದಿದ್ದ. ಫೋಟೊ ಸಹ ತೋರಿಸಿದ. "ಪಾಪ, ಜಾಗ ತಪ್ಪಿ ಎಲ್ಲೋ ನಿಂತು ಬಂದಿದ್ದಾನೆ" ಎಂದು ರಮಾನಂದ ಸರ್ ಅಷ್ಟನ್ನೂ ತೆಗೆದುಹಾಕಿದರು. ಫೆಬ್ರವರಿಯಲ್ಲಿ ವೀಣಾ ಬಂದು ನೋಡಿದಾಗ ದಂಡೆ ಬೋಳಾಗಿಯೇ ಇತ್ತು. ಮೋಹನ ನಾನು ನಿಂತದ್ದು ಅಲ್ಲಿಯೇ ಎಂದು ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ. ಆಫೀಸಿನಲ್ಲಿ ಎಲ್ಲರೂ ಅವನಿಗೆ ದಾರಿ ಕೇಳಿ ತಮಾಷೆ ಮಾಡುತ್ತಿದ್ದರು, ವೀಣಾಳೂ ನಕ್ಕಿದ್ದಳು. ವರ್ಷ ತುಂಬುವುದರೊಳಗೆ ಅವನು ಕೆಲಸ ಬಿಟ್ಟು ಭಟ್ಕಳದ ಯಾವುದೋ ಅಂಗಡಿ ಸೇರಿಕೊಂಡ.

"ಗೌಡರು ತೀರಿಹೋದ ವರ್ಷ ಕೀಳಲಿಲ್ಲವಾ ಅಜ್ಜಿ?"

"ಆ ವರ್ಷ ಹಳ್ಳದ ಬುಡಕ್ಕೆ ಬರೂಕೆ ಮನಸ್ಸಾಗಲಿಲ್ಲ." ಸುಬ್ಬಿ ಹೇಳಿದಳು. "ಸಂಕ್ರಾಂತಿ ಕಳ್ದ್ಮೇಲೆ ಬಂದೆ. ಬಂದು ನೋಡ್ರೆ ಎಲ್ಲ ಎದ್ದು ನಿಂತಿತ್ತು. ಅವ್ರು ಮಾತು ಕೊಟ್ಟು ಹೋದವ್ರು. ನಾನು ಅದನ್ನ ಕೆಡ್ಸಿದೆ ಅಂತ ಆಗಿತ್ತು. ಆವತ್ತೇ ಕಿತ್ತೆ."

"ಕಿತ್ತದ್ದನ್ನ ಎಂತ ಮಾಡ್ತ್ರಿ?"

"ಒಲೆಗೆ ಹಾಕೂಕೆ ಮನಸ್ಸು ಬರೂದಿಲ್ಲ. ನೀರಿಗೆ ಬಿಡ್ತೆ. ಎಲ್ಲಾದ್ರೂ ಹತ್ಕಳ್ಳಲಿ."

ವೀಣಾ ದಂಡೆಯ ಮೇಲೆ ಕೂತಳು. ಸೂರ್ಯ ಏರಿದ್ದ, ಮಣ್ಣು ಬಿಸಿಯಾಗುತ್ತಿತ್ತು. ಚೀಲದಲ್ಲಿ ಕಾಗದವಿತ್ತು, ಆಫೀಸಿನಲ್ಲಿ ಎರಡು ಗೆರೆಗಳಿದ್ದವು, ಆ ಗೆರೆಗಳ ಕೆಳಗೆ ಬರಲಿದ್ದ ಅವಳ ಹೆಸರಿತ್ತು. ಮನುಷ್ಯರ ಕೈ ತಾಗದ ಜಾಗ ಎಂದು ಪ್ರತಿ ವರ್ಷದ ವರದಿಯಲ್ಲೂ ಬರೆದಿದ್ದಳು. ಈ ಹಳ್ಳದಲ್ಲಿ ಮನುಷ್ಯರ ಕೈ ಅತಿ ಹೆಚ್ಚು ತಾಗಿದ ಜಾಗ ಇದೇ ಆಗಿತ್ತು.

ಮುದುಕಿಗೆ ಏನೂ ಹೇಳದೆ ಎದ್ದು ಹೋಗಬಹುದಿತ್ತು. ಇನ್ನು ಮೇಲೆ ಕೀಳಬೇಡಿ, ಲೆಕ್ಕ ಮುಗಿಯಿತು, ಬಂದದ್ದು ಬರಲಿ ಎಂದಷ್ಟೇ ಹೇಳಿದರೆ ಸಾಕು. ಸುಬ್ಬಿಗೆ ಅದೇ ಸಂತೋಷ. ಏಳು ವರ್ಷ ಮಾತು ಉಳಿಸಿಕೊಂಡೆ, ಈಗ ಬಿಡುಗಡೆಯಾಯಿತು ಎಂದುಕೊಳ್ಳುತ್ತಾಳೆ. ಆ ಮಾತಿಗಾಗಿ ಒಂದು ಗಿಡವನ್ನೂ ಕೀಳಬೇಕಾಗಿರಲಿಲ್ಲ ಎಂದು ಅವಳಿಗೆ ಗೊತ್ತಾಗುವುದೇ ಇಲ್ಲ. ವೀಣಾ ಅದನ್ನು ನಾಲಗೆಯ ತುದಿಗೆ ತಂದುಕೊಂಡಳು ಸಹ.

ಆದರೆ ಸುಬ್ಬಿ ಅವಳ ಮುಖವನ್ನೇ ನೋಡುತ್ತಿದ್ದಳು. ಏಳು ವರ್ಷ ಒಬ್ಬರ ಎದುರು ಸುಮ್ಮನೆ ಕೂತು ಕೂತು, ಆ ಮುಖದ ಮೇಲೆ ಯಾವಾಗ ಏನು ಹಾದುಹೋಗುತ್ತದೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

"ಎಂತ ಅಕ್ಕೋರೆ? ಕೀಳೂಕಾಗ ಇತ್ತಾ?"

ಹೌದು, ಕೀಳಬಾರದಿತ್ತು ಎಂಬಂತೆ ವೀಣಾ ತಲೆಯಾಡಿಸಿದಳು.

"ಈ ವರ್ಷ?"

"ಯಾವ ವರ್ಷವೂ ಅಜ್ಜಿ." ವೀಣಾ ಗುಳಿಗಳ ಕಡೆ ನೋಡಿದಳು. "ನಾವು ನೆಡಬಾರದು ಅಂತ ಇದ್ದದ್ದು. ನೀವೂ ನೆಡಬಾರದು. ತಾನಾಗಿ ಹುಟ್ಟಿದ್ದನ್ನ ಬಿಡಬೇಕಾಗಿತ್ತು. ಹುಟ್ತದಾ, ಎಷ್ಟು ಹುಟ್ತದೆ ಅಂತ ನೋಡೂದೇ ನಮ್ಮ ಕೆಲಸ ಆಗಿತ್ತು."

ಸುಬ್ಬಿ ಮಾತಾಡಲಿಲ್ಲ. ಇದು ಬಲೆ ನೀರಿನಲ್ಲಿದ್ದಾಗಿನ ಮೌನವಲ್ಲ. ಹಳ್ಳದ ಸದ್ದು ಇದ್ದಕ್ಕಿದ್ದ ಹಾಗೆ ದೊಡ್ಡದಾದಂತೆ ವೀಣಾಳಿಗೆ ಅನಿಸಿತು. ಕೊನೆಗೆ ಮುದುಕಿ ಕೇಳಿದಳು.

"ಹಂಗಾದ್ರೆ ನಮ್ಮನೆಯವ್ರಿಗೆ ಗೊತ್ತಾಗಲಿಲ್ಲವಾ? ತಪ್ಪು ತಿಳ್ಕಂಡು ಮಾತು ಕೊಟ್ರಾ?"

ಅವಳಿಗೆ ಬೇಕಾದದ್ದು ಇದೊಂದೇ ಉತ್ತರ ಎಂದು ವೀಣಾಳಿಗೆ ಕೂಡಲೇ ಹೊಳೆಯಿತು. ಗಿಡ ಹೋದದ್ದಲ್ಲ, ನೆಳಲು ಹೋದದ್ದಲ್ಲ. ತೀರಿಹೋದವನು ಕೊನೆಗೆ ಬಿಟ್ಟುಹೋದ ಮಾತು ಬರಿದೇ ಒಂದು ತಪ್ಪಾಗಿತ್ತೇ ಎಂಬುದು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಹೊಸ ಕೆಲಸ, ಹೊಸ ಬೂಟು, ಕೈಯಲ್ಲಿ ಟೇಪು. ನೂರು ಮೀಟರ್ ಅಳೆದು ಎರಡು ಗೂಟ ಹೊಡೆದು, ಬೆವರು ಒರೆಸಿಕೊಳ್ಳುತ್ತ, ಪಂಚೆ ಎತ್ತಿ ಕಟ್ಟಿ ನಿಂತಿದ್ದ ಮುದುಕನಿಗೆ ಅವಳೇ ಹೇಳಿದ್ದಳು. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಇವರಿಗೆ ಬಿಡಿಸಿ ಹೇಳುವುದು ಯಾಕೆ, ಸುಲಭವಾಗಿ ಹೇಳಿದರಾಯಿತು ಎಂದುಕೊಂಡು.

"ಅವರು ತಪ್ಪು ತಿಳ್ಕೊಳ್ಳಲಿಲ್ಲ" ಎಂದಳು. "ನಾನು ಹೇಳಿದ್ದೇ ಹಾಗೆ. ಗೌಡ್ರೆ, ಈ ಗೂಟದಿಂದ ಆ ಗೂಟದ ತನಕ ಒಂದು ಗಿಡವೂ ಇರಬಾರದು, ಏಳು ವರ್ಷ ಹೀಗೇ ಬೋಳಾಗಿರಬೇಕು, ಅಂದೆ. ಅವರು ಮತ್ತೊಂದು ಸಲ ಕೇಳಿದ್ರು. ಒಂದೂ ಇರಬಾರದಾ ಅಂತ. ಒಂದೂ ಬೇಡ ಅಂದೆ. ನೆಡಬೇಡಿ ಅಂತ ಹೇಳಬೇಕಾಗಿತ್ತು. ನನಗೆ ಅಷ್ಟು ತಿಳೀಲಿಲ್ಲ. ತಪ್ಪು ನನ್ನದು ಅಜ್ಜಿ. ಅವರದ್ದಲ್ಲ, ನಿಮ್ಮದೂ ಅಲ್ಲ."

ಸುಬ್ಬಿ ಮಣಿಸರಗಳನ್ನು ಒಂದೊಂದಾಗಿ ಬೇರ್ಪಡಿಸಿ, ಮತ್ತೆ ಒಟ್ಟು ಮಾಡಿದಳು.

"ಹೌದು" ಎಂದಳು ಆಮೇಲೆ. "ಮನೆಗೆ ಬಂದು ಅವ್ರು ಅದನ್ನೇ ಹೇಳಿದ್ರು. ಒಂದೂ ಇರೂಕಾಗ ಅಂತೆ ಮಾರಾಯ್ತಿ, ಎಂತಾ ವಿದ್ಯೆಯೋ ಇದು ಅಂತ. ನಗ್ಯಾಡಿದ್ರು." ಅವಳ ಬಾಯಿಯ ಸುತ್ತ ಏನೋ ಸಡಿಲಾಯಿತು. "ಅವ್ರು ಸಮಾ ಕೇಳಿದ್ರು ಅಂತಾತು."

"ಸಮಾ, ಸರಿಯಾಗೇ ಕೇಳಿಸ್ಕೊಂಡಿದ್ರು."

ಬಯ್ದರೆ ವೀಣಾಳಿಗೆ ಸುಲಭವಾಗುತ್ತಿತ್ತು. ಸುಬ್ಬಿ ಬಯ್ಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನಿಮ್ಗೆ ಆಫೀಸಲ್ಲಿ ಎಂತಾದ್ರೂ ತೊಂದ್ರೆ ಆಗ್ತದಾ?" ಎಂದು ಕೇಳಿದಳು.

"ಆಗ್ತದೆ."

"ಲೆಕ್ಕ ಎಲ್ಲ ಹಾಳಾತಾ?"

"ಏಳು ವರ್ಷದ್ದೂ. ನೀವು ಕಿತ್ತದ್ದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲವಲ್ಲ."

"ನಂಗೆ ಗೊತ್ತಿಲ್ವಾ?"

ಅಂದವಳೇ ಮೊಣಕಾಲಿಗೆ ಕೈಯೂರಿ ಎದ್ದಳು. ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು, ಮೇಲಿನ ಗೂಟ ಇದ್ದ ಕಡೆಗೆ ನಡೆದಳು. ಗೂಟ ಎಂದೋ ಹಳ್ಳಕ್ಕೆ ಹೋಗಿತ್ತು. ಅದು ಇದ್ದ ಜಾಗದಲ್ಲಿ ನಿಂತು ತಿರುಗಿ ನೋಡಿದಳು. "ಬನ್ನಿ. ಕಾಗದ ತಗಳಿ."

ವೀಣಾಳ ಪುಸ್ತಕದಲ್ಲಿ ಹುಳಗಳಿಗೆ, ನೀರಿಗೆ, ಬಿಸಿಲಿಗೆ ಗೆರೆ ಹಾಕಿದ ಮನೆಗಳಿದ್ದವು. ಇಲ್ಲದ ಗಿಡಗಳಿಗೆ ಮನೆ ಇರಲಿಲ್ಲ. ಅವಳು ಚೀಲದಿಂದ ಒಪ್ಪಿಗೆಯ ಕಾಗದ ತೆಗೆದು, ಮಡಿಕೆ ಬಿಡಿಸಿ, ಹಿಂದಿನ ಖಾಲಿ ಬದಿಯನ್ನು ಮೇಲೆ ಮಾಡಿ ತಟ್ಟೆಯ ಮೇಲಿಟ್ಟುಕೊಂಡಳು.

"ಇಲ್ಲಿ ನೇರಳೆ" ಎಂದಳು ಸುಬ್ಬಿ, ಕಾಲ ಹೆಬ್ಬೆರಳಿನಿಂದ ಮಣ್ಣು ಒತ್ತಿ. "ಮೊದಲನೇ ವರ್ಷ ಎರಡು. ಮತ್ತೆ ನಾಲ್ಕನೇ ವರ್ಷ ಒಂದು. ಇದರಿಂದ ಇತ್ಲಾಗೆ ಲಕ್ಕಿ, ಅದು ಎಲ್ಲ ವರ್ಷವೂ ಬತ್ತದೆ, ಎಷ್ಟು ಅಂತ ಬರೀಬೇಡಿ, ರಾಶಿ ಅಂತ ಬರೀರಿ. ಇಲ್ಲಿ ಮುಂಡಿಗೆ. ಅದು ಬೀಜದಿಂದ ಬಂದದ್ದಲ್ಲ, ಮೇಲಿಂದ ಗೆಡ್ಡೆ ಕಿತ್ಕಂಡು ತೇಲಿ ಬಂದು ಸಿಕ್ಕಂಡಿತ್ತು. ಮುಳ್ಳು ತಾಗಿ ಕೈ ಬಾತಿತ್ತು. ಅದು ಬ್ಯಾಡ, ಬರೀಬೇಡಿ."

"ಬರೀತೆ. ಯಾವ ವರ್ಷ?"

"ಕೊರೊನಾ ಮುಗ್ದ ವರ್ಷ ಅಲ್ದಾ, ನೀವು ಆಗ ಮೂಗಿಗೆ ಬಟ್ಟೆ ಕಟ್ಕಂಡೇ ಬಂದಿದ್ರಿ."

ಹತ್ತು ಹೆಜ್ಜೆಗೊಮ್ಮೆ ನಿಂತು, ಒಮ್ಮೆ ಹಿಂದೆ ಹೋಗಿ ತಿದ್ದಿ, ಹೆಸರು ಗೊತ್ತಿಲ್ಲದ್ದಕ್ಕೆ ಎಲೆಯ ಆಕಾರವನ್ನು ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿ, ಸುಬ್ಬಿ ನಡೆದಳು. ಏಳು ಮಳೆಗಾಲ ತಾನು ಕಿತ್ತ ಒಂದೊಂದು ಗಿಡದ ಜಾಗವೂ ಅವಳಿಗೆ ನೆನಪಿತ್ತು. ಬೇಕೆಂದು ನೆನಪಿಟ್ಟುಕೊಂಡದ್ದಲ್ಲ. ಮರೆಯಲು ಆಗದೆ ಉಳಿದದ್ದು. ವೀಣಾ ಬರೆಯುತ್ತ ಹಿಂದೆ ನಡೆದಳು. ಕಾಗದದ ಮೇಲೆ ಒಂದು ದಂಡೆ ಸಾಲುಸಾಲಾಗಿ ಹಸಿರಾಗುತ್ತ ಬಂತು. ರಮಾನಂದ ಸರ್‌ಗೆ ಏನು ಹೇಳಬೇಕು, ಮೋಹನನನ್ನು ಭಟ್ಕಳದಲ್ಲಿ ಎಲ್ಲಿ ಹುಡುಕಬೇಕು ಎಂಬುದೆಲ್ಲ ಇನ್ನೊಂದು ದಿನದ ಮಾತಾಗಿ ದೂರ ನಿಂತಿತು.

ದಂಡೆ ಸ್ವಲ್ಪ ಬಾಗುವಲ್ಲಿ, ಒಗೆಯುವ ಕಲ್ಲಿನ ಎದುರಿಗೆ, ಸುಬ್ಬಿ ನಿಂತಳು. 

"ಇಲ್ಲಿ ಅಜ್ಜಿ?"

"ಇಲ್ಲಿ ಹೊಳೆಮತ್ತಿ. ಅವ್ರು ತೀರ್ಕಂಡ ವರ್ಷದ್ದು." ಅವಳು ಮೊಣಕಾಲಿಗಿಂತ ಸ್ವಲ್ಪ ಮೇಲೆ ಕೈಯಿಟ್ಟು ತೋರಿಸಿದಳು. "ಇಷ್ಟಾಗಿತ್ತು. ಉಳ್ದದ್ದೆಲ್ಲ ಒಂದೇ ದಿನಕ್ಕೆ ಮುಗ್ಸಿದೆ. ಇದನ್ನ ಬಿಟ್ಟು ಮನೆಗೆ ಹೋದೆ. ಮಾರನೇ ದಿನ ಬಂದೆ, ಮತ್ತೂ ಬಿಟ್ಟು ಹೋದೆ. ಒಂದೇ ಒಂದು ಇರಲಿ, ಅಕ್ಕೋರಿಗೆ ಕಾಣೂದಿಲ್ಲ ಅಂತ ಕಂಡಿತು. ಮತ್ತೆ, ಅವ್ರು ನೀರು ಮುಟ್ಟಿ ಹೇಳಿದ್ದು ನೆನಪಾತು."

ವೀಣಾಳ ಪೆನ್ನು ಕಾಗದದ ಮೇಲೆ ನಿಂತಿತ್ತು.

"ಬಿಟ್ಟಿದ್ರೆ ಈಗ ಎಷ್ಟೆತ್ತರ ಆಗ್ತಿತ್ತು ಅಕ್ಕೋರೆ? ನಿಮ್ಗೆ ಅಂದಾಜು ಇರ್ತದಲ."

ಇತ್ತು. ಮಾದಿಯ ದಂಡೆಯ ಹೊಳೆಮತ್ತಿಗಳನ್ನು ಅವಳು ಪ್ರತಿ ವರ್ಷ ಕೋಲು ಹಿಡಿದು ಅಳೆದಿದ್ದಳು. ನಾಲ್ಕು ವರ್ಷದ ಮರ ಎಷ್ಟು, ಅದರ ಹರವು ಎಷ್ಟು, ಡಿಸೆಂಬರಿನ ಮಧ್ಯಾಹ್ನ ಅದರ ನೆಳಲು ಯಾವ ದಿಕ್ಕಿಗೆ ಎಷ್ಟು ಉದ್ದ ಬೀಳುತ್ತದೆ, ಎಲ್ಲವೂ ಗೊತ್ತಿತ್ತು. ಅವಳ ಜೀವನದಲ್ಲಿ ಅವಳಿಗೆ ಅತ್ಯಂತ ಖಚಿತವಾಗಿ ಗೊತ್ತಿದ್ದ ಸಂಗತಿ ಬಹುಶಃ ಅದೊಂದೇ.

"ನಿಮ್ಮನೆ ಮಾಡಿಗಿಂತ ಒಂದು ಮಾರು ಮೇಲೆ" ಎಂದಳು.

"ನೆಳಲು?"

"ಕಲ್ಲಿನ ತನಕ ಬರ್ತಿತ್ತು ಅಜ್ಜಿ."

ಸುಬ್ಬಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಮನೆಯ ಮಾಡು ಎಷ್ಟೆತ್ತರ, ಅದರ ಮೇಲೆ ಒಂದು ಮಾರು ಎಂದರೆ ಎಲ್ಲಿ ಎಂದು ಕಣ್ಣಿನಿಂದಲೇ ಏರುತ್ತ ಹೋಗಿ, ಬರೀ ಆಕಾಶ ಇದ್ದ ಒಂದು ಜಾಗದಲ್ಲಿ ದೃಷ್ಟಿ ನಿಲ್ಲಿಸಿದಳು.  ವೀಣಾಳೂ ಅವಳು ನೋಡುತ್ತಿದ್ದ ಕಡೆಗೇ ನೋಡಿದಳು.

"ಬರ್ಕಳ್ಳಿ" ಎಂದಳು ಸುಬ್ಬಿ ಕೈ ಇಳಿಸಿ. "ಮುಂದೆ ಇನ್ನೂ ಅದೆ."